ನದಿಯ ಪಾತ್ರವೇ ಕೆರೆಯಾದುದು

ಮಳೆಗಾಲದಲ್ಲಿ ಉಕ್ಕಿ ಹರಿದ ಕೃಷ್ಣೆಯು ಬೇಸಗೆಯಲ್ಲಿ ಬತ್ತಿದರೆ ತೀರದ ರೈತನು ಮಾಡುವುದೇನು? ನೆರೆಯ ವಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನು 1651ರಲ್ಲಿ ಬೇಗಂ ತಲಾಬನ್ನು ಕಟ್ಟಿಸಿ, ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ತಂದನು. ಅದು ಅರಸನ ಬೊಕ್ಕಸದ ಕೆಲಸ. ಜಮಖಂಡಿ ಸೀಮೆಯ ರೈತರಾದರೋ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮದೇ ಹಣ ಕೂಡಿಸಿ, ಬೆವರು ಸುರಿಸಿ, ಚಿಕ್ಕಪಡಸಲಗಿಯಲ್ಲಿ ನದಿಗೆ ಬ್ಯಾರೇಜು ಕಟ್ಟಿದರು. ‘ಶ್ರಮಬಿಂದು ಸಾಗರ’ವೆಂಬ ಹೆಸರು ಅದಕ್ಕೆ ತಕ್ಕದ್ದೇ.

ಇದು ಎತ್ತರದ ಅಣೆಕಟ್ಟಲ್ಲವೆಂಬುದನ್ನು ನಾವು ಗಮನಿಸಬೇಕು. ಪ್ರವಾಹವಿರುವಾಗ ಗೇಟುಗಳನ್ನು ತೆರೆದಿಟ್ಟರೆ ನೀರಿನೊಡನೆ ಹೂಳೂ ಸಾಗಿಹೋಗುವುದು. ಪ್ರವಾಹ ಇಳಿದ ಮೇಲೆ ಅವನ್ನು ಮುಚ್ಚಿದಾಗ ನೀರು ದಡಗಳ ನಡುವೆಯೇ ನಿಲ್ಲುವುದು; ಹೊಲಗಳು ಮುಳುಗವು. ನಿಂತ ನೀರು ದಡದ ಮಣ್ಣಿನೊಳಕ್ಕೆ ಇಂಗಿ ಹತ್ತಿರದ ಬಾವಿಗಳ ಮಟ್ಟವನ್ನೂ ಏರಿಸುವುದು. ದೂರದ ಹೊಲಗಳಿಗೆ ಮಾತ್ರ ಪಂಪಿನಿಂದ ಎತ್ತಿಯೇ ಹಾಯಿಸಬೇಕು.