ಅಯ್ಯಾಚಾರಕ್ಕೆ ಹೊರಟಿದ್ದೀರಾ? ಭಿಕ್ಷೆ ಮುಗಿಯುವ ತನಕ ಇರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗೆ ವರ್ಗವಾಗಿ ಬಂದ ಶಿಕ್ಷಕರಿಗೆ, ಬ್ಯಾಂಕಿನವರಿಗೆ ಒಂದಲ್ಲ ಒಂದು ದಿನ ಓಣಿಯ ಅಯ್ಯನವರ ಮನೆಯಿಂದ ಕರೆ ಬಂದೇ ಬರುತ್ತದೆ: ‘ನಮ್ಮ ಹುಡುಗಂದು ಅಯ್ಯಾಚಾರ ಐತ್ರಿ, ಮನಿಮಂದಿ ಎಲ್ಲಾ ಬರಬೇಕ್ರಿ.’ ಜಂಗಮ ಮನೆತನದ ಹುಡುಗನಿಗೆ ಗುರು ದೀಕ್ಷೆ ಕೊಟ್ಟು ಲಿಂಗಧಾರಣೆ ಮಾಡಿಸುವ ಸಂಸ್ಕಾರ ಇದು. ಇದಕ್ಕೆ ವಯಸ್ಸಿನ ಕಟ್ಟು ಅಷ್ಟು ಬಿಗಿಯಿಲ್ಲ. ಎಂಟರ ಹೊತ್ತಿಗೆ ಆಗಬೇಕೆಂಬ ಮಾತಿದ್ದರೂ ಅಕ್ಕನ ಮದುವೆಗೋ ಊರ ಜಾತ್ರೆಗೋ ಕಾದು ಮಾಡುವ ಮನೆಗಳು ಬೇಕಾದಷ್ಟಿವೆ.

ಮೊದಲು ಪತ್ರಿಕೆಯನ್ನು ಸರಿಯಾಗಿ ಓದಿ. ಕಾರ್ಯಕ್ರಮ ಮನೆಯಲ್ಲೋ, ಮಠದಲ್ಲೋ, ಜಾತ್ರೆಯ ಸಾಮೂಹಿಕ ಅಯ್ಯಾಚಾರವೋ ನೋಡಿಕೊಳ್ಳಿ. ಈ ಭಾಗದಲ್ಲಿ ಮಠಗಳಿಗೆ ಕೊರತೆಯಿಲ್ಲ. ಕಿತ್ತೂರು ಸಂಸ್ಥಾನದ ರಾಜಗುರು ಪೀಠವಾದ ಕಲ್ಮಠವಿದೆ, ಮುರಗೋಡದಲ್ಲಿ ಮಹಾಂತ ದುರದುಂಡೀಶ್ವರ ಮಠವಿದೆ, ಸಣ್ಣ ಹಳ್ಳಿಗೂ ಒಂದೊಂದು ಮಠವುಂಟು. ಸಾಮೂಹಿಕವಾದರೆ ಸಾಲಾಗಿ ಕುಳಿತ ವಟುಗಳೆಲ್ಲ ಒಂದೇ ಬಗೆಯ ಕಾವಿ ಉಟ್ಟಿರುತ್ತಾರೆ. ನಿಮ್ಮವರ ಹುಡುಗ ಎಲ್ಲಿ ಕೂಡುತ್ತಾನೆಂದು ಮೊದಲೇ ಕೇಳಿಟ್ಟುಕೊಂಡರೆ ಪೇಚಾಟ ತಪ್ಪುತ್ತದೆ. ಪತ್ರಿಕೆಯಲ್ಲಿ ‘ಇಷ್ಟಲಿಂಗ ದೀಕ್ಷೆ’ ಎಂದಷ್ಟೇ ಇದ್ದರೆ ಅದು ಜಂಗಮರಿಗೆ ಮಾತ್ರ ಸೀಮಿತವಾದದ್ದಲ್ಲ. ಬಸವತತ್ತ್ವದ ಮಠಗಳಲ್ಲಿ ಜಾತಿ ಕೇಳದೆ, ಹೆಣ್ಣುಮಕ್ಕಳಿಗೂ ಕೊಡುತ್ತಾರೆ. ಅಲ್ಲಿ ವಚನಗಳಿಗೆ ಹೆಚ್ಚು ಜಾಗ.

ಮುಹೂರ್ತ ಬಹಳ ಕಡೆ ನಸುಕಿನಲ್ಲೇ ಇರುತ್ತದೆ. ಊಟದ ಹೊತ್ತಿಗೆ ಹೋದರಾಯಿತು ಎಂದುಕೊಂಡರೆ ನೋಡಬೇಕಾದದ್ದೆಲ್ಲ ಮುಗಿದಿರುತ್ತದೆ. ಹಳ್ಳಿಯಾದರೆ ಹಿಂದಿನ ಸಂಜೆಯ ವಸ್ತಿ ಬಸ್ಸಿಗೆ ಹೋಗಿಬಿಡಿ, ಮನೆಯವರಿಗೂ ಸಂತೋಷ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಸುಮಾರಿಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಜನರಿಂದ ಸವದತ್ತಿ ಕಡೆಯ ಬಸ್ಸು ತುಂಬಿರುತ್ತವೆ. ಆಗ ಒಂದು ತಾಸು ಮುಂಚೆ ಹೊರಡಿ. ಉಡುಪಿಗೆ ವಿಶೇಷ ಕಟ್ಟಳೆಯಿಲ್ಲ, ಕೆಳಗೆ ಕೂಡಲು ಅನುಕೂಲವಾದರೆ ಸಾಕು. ಆ ದಿನ ಮಾಂಸ, ಮದ್ಯ ಮುಟ್ಟದೆ ಹೋಗುವುದು ಮರ್ಯಾದೆ.

ಒಳಗೆ ಹೋದಾಗ ಕಾಣುವುದು ಐದು ಕಲಶ. ಧಾನ್ಯದ ಮೇಲೆ ಇಟ್ಟು, ಎಲೆ, ಕಾಯಿ ಹಚ್ಚಿ ನೂಲು ಸುತ್ತಿರುತ್ತಾರೆ. ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ ಪೀಠಗಳ ಪಂಚಾಚಾರ್ಯರ ಹೆಸರಿನಲ್ಲಿ ಅವನ್ನು ಸ್ಥಾಪಿಸುತ್ತಾರೆ. ನೂಲನ್ನು ದಾಟಬೇಡಿ, ಫೋಟೊ ತೆಗೆಯುವ ಭರದಲ್ಲಿ ಕಾಲು ತಾಗಿಸಬೇಡಿ. ತಲೆ ಬೋಳಿಸಿ, ಮೀಯಿಸಿ, ಕಾವಿ ಉಡಿಸಿದ ಹುಡುಗನನ್ನು ಗುರುವಿನ ಎದುರು ಕೂಡಿಸುತ್ತಾರೆ. ಹಣೆ, ತೋಳು, ಎದೆಗೆಲ್ಲ ವಿಭೂತಿ. ಅಭಿಷೇಕವಾದ ಲಿಂಗವನ್ನು ಗುರು ಅವನ ಎಡಗೈಯಲ್ಲಿ ಇಡುತ್ತಾರೆ. ಹುಡುಗ ರೆಪ್ಪೆ ಹೊಡೆಯದೆ ಅದನ್ನೇ ನೋಡುತ್ತಿರುತ್ತಾನೆ, ಬೀಳಬಾರದೆಂದು ಬೆರಳುಗಳನ್ನು ಬಟ್ಟಲಿನಂತೆ ಮಡಚಿಕೊಂಡು. ಕಿವಿಯಲ್ಲಿ ಪಂಚಾಕ್ಷರಿ ಮಂತ್ರ ಹೇಳುವ ಗಳಿಗೆಗೆ ಮಾತು ನಿಲ್ಲಿಸಿ, ಮೊಬೈಲ್ ಕೆಳಗಿಡಿ. ಆ ಮಂತ್ರೋಪದೇಶ ಗುರು ಶಿಷ್ಯರ ನಡುವಿನದು. ಲಿಂಗ ಕರಡಿಗೆ ಸೇರಿ, ಶಿವದಾರದಲ್ಲಿ ಕೊರಳಿಗೆ ಬಂದ ಮೇಲೂ ‘ತೋರಿಸು ನೋಡೋಣ’ ಎಂದು ಕೈ ಚಾಚಬಾರದು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವ ರೂಢಿಯಿಲ್ಲ.

ಇನ್ನು ಭಿಕ್ಷೆ. ನನ್ನ ಮಟ್ಟಿಗೆ ಬಂದವರು ಕಾಯಲೇಬೇಕಾದ ಹೊತ್ತು ಇದು. ಹೆಗಲಿಗೆ ಜೋಳಿಗೆ, ಕೈಗೆ ಬೆತ್ತ ಕೊಟ್ಟು ಹುಡುಗನನ್ನು ಭಿಕ್ಷೆಗೆ ಕಳಿಸುತ್ತಾರೆ. ಎತ್ತಿ ಆಡಿಸಿದ ತಾಯಿ ಸೆರಗು ಹೊದ್ದು ಭಿಕ್ಷೆ ನೀಡಿ ಮಗನ ಕಾಲಿಗೆ ನಮಸ್ಕರಿಸುವಾಗ ಸುತ್ತ ನಿಂತವರ ಕಣ್ಣು ಒದ್ದೆಯಾಗುತ್ತವೆ. ನಿನ್ನೆಯ ತನಕ ‘ಲೇ ತಮ್ಮಾ’ ಎಂದು ಕರೆಸಿಕೊಂಡವನು ಇಂದಿನಿಂದ ‘ಅಯ್ಯನವರು’. ಎಪ್ಪತ್ತರ ಅಜ್ಜಿಯೂ ‘ಶರಣರೀ’ ಎಂದು ಬಾಗುತ್ತಾಳೆ. ನೀವೂ ಬಾಗಿದರೆ ಚಂದ. ಈಗೀಗ ಕಲ್ಯಾಣ ಮಂಟಪಗಳಲ್ಲಿ ಫೋಟೊದವರ ಅವಸರಕ್ಕೆ ಭಿಕ್ಷೆಯನ್ನು ಎರಡೇ ನಿಮಿಷದಲ್ಲಿ ಮುಗಿಸಿ ಎಲ್ಲರನ್ನೂ ಊಟಕ್ಕೆ ಎಬ್ಬಿಸುತ್ತಾರೆ. ಹಾಗಾಗಬಾರದು. ಬಂದ ಅತಿಥಿಗಳು ಎದ್ದು ಹೋಗದೆ ನಿಂತರೆ ಮನೆಯವರೂ ನಿಧಾನಿಸುತ್ತಾರೆ.

ಜೋಳಿಗೆಗೆ ಹಾಕಲು ಒಂದು ಬೊಗಸೆ ಜೋಳ, ಗೋಧಿ ಅಥವಾ ಅಕ್ಕಿ, ಒಂದು ತುಂಡು ಬೆಲ್ಲ, ಜತೆಗೆ ಕೈಲಾದ ದಕ್ಷಿಣೆ ಸಾಕು. ಎರಡೂ ಕೈಯಿಂದ ಹಾಕಿ, ಮೇಲಿಂದ ಸುರಿಯಬೇಡಿ. ಸೇರುಗಟ್ಟಲೆ ಹಾಕಿದರೆ ಎಳೆಯ ಹೆಗಲು ತಾಳಲಾರದು. ಬೇರೆ ಧರ್ಮದವರಾಗಿದ್ದು ಅಳುಕಿದ್ದರೆ ಮನೆಯ ಹಿರಿಯರನ್ನೇ ಕೇಳಿ: ‘ನಾನೂ ಹಾಕಬಹುದೇನ್ರೀ?’ ಬಟ್ಟೆಯ ಆಯೇರಿ, ಹಣದ ಲಕೋಟೆ ಇದ್ದರೆ ಆಮೇಲೆ ಕೊಡಿ. ಕರಡಿಗೆ, ರುದ್ರಾಕ್ಷಿಯನ್ನು ಸಾಮಾನ್ಯವಾಗಿ ಮನೆಯವರೇ ಮೊದಲು ತಂದಿಟ್ಟಿರುತ್ತಾರೆ, ಆದ್ದರಿಂದ ಕೇಳದೆ ತರಬೇಡಿ. ಓದುವ ಹುಡುಗನಾದರೆ ಒಂದು ವಚನ ಪುಸ್ತಕ ಒಳ್ಳೆಯ ಕೊಡುಗೆ.

ಪ್ರಸಾದಕ್ಕೆ ಪಂಕ್ತಿಯಲ್ಲಿ ಕುಳಿತಾಗ ವಿಭೂತಿ ಬರುತ್ತದೆ. ಹಚ್ಚಿಕೊಳ್ಳಬಹುದು, ಒಲ್ಲದಿದ್ದರೆ ಕೈಮುಗಿದು ಮುಂದೆ ಕಳಿಸಬಹುದು. ಅಜ್ಜನವರು, ಅಂದರೆ ಮಠದ ಸ್ವಾಮಿಗಳು, ಕೈ ತೊಳೆದು ಕೂಡುವ ಮೊದಲೇ ತುತ್ತು ಎತ್ತಬೇಡಿ. ಗೋಧಿ ಹುಗ್ಗಿಯ ಮೇಲೆ ತುಪ್ಪ, ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ ಸಾರು. ಬಡಿಸುವವರ ಒತ್ತಾಯ ಜೋರಾಗಿರುತ್ತದೆ, ಆದರೆ ಪ್ರಸಾದ ಬಿಡುವಂತಿಲ್ಲ. ‘ಸ್ವಲ್ಪ ಹಾಕ್ರಿ, ಆಮ್ಯಾಲೆ ಕೇಳ್ತೇನ್ರಿ’ ಎಂದು ಮೊದಲೇ ಹೇಳಿದರೆ ಯಾರೂ ಬೇಸರಪಡುವುದಿಲ್ಲ. ಗಂಗಾಳ ಬಳಿದು ಉಣ್ಣುವ ಹಿರಿಯರನ್ನು ನೋಡಿ, ಮಕ್ಕಳಿಗೂ ಹಾಗೇ ಕಲಿಸಿ.

ಹೊರಡುವಾಗ ‘ಬರ್ತೀವ್ರಿ’ ಎನ್ನಿ. ಮುಂದೆ ಆ ಹುಡುಗ ನಿಮ್ಮ ಮಗನ ಜೊತೆ ಆಡಲು ಬಂದರೆ ತಿಂಡಿ ಕೊಡುವ ಮುಂಚೆ ‘ಪೂಜಾ ಆತೇನಪ್ಪಾ?’ ಎಂದು ಕೇಳಿ. ಲಿಂಗಪೂಜೆ ಮಾಡದೆ ಉಣ್ಣುವುದಿಲ್ಲವೆಂದು ಮಾತು ಕೊಟ್ಟವನು ಅವನು. ಹುಟ್ಟುಹಬ್ಬಕ್ಕೆ ಕರೆದರೆ ಮೊಟ್ಟೆ ಹಾಕದ ಕೇಕ್ ತರಿಸಿ.