ಉದಕಧರೆಯೂ ತಕ್ರವೂ

ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಚರ್ಮಕ್ಕೆ ಆರು ಪದರಗಳನ್ನು ಹೇಳಿದೆ. ಸುಶ್ರುತನ ಎಣಿಕೆಯಲ್ಲಿ ಅವು ಏಳು. ಚರಕನ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೊರಗಿನದರ ಹೆಸರು ‘ಉದಕಧರಾ’, ಎಂದರೆ ನೀರನ್ನು ಧರಿಸಿದುದು. ಸೂಕ್ಷ್ಮದರ್ಶಕವಿಲ್ಲದ ಕಾಲದ ಈ ಹೆಸರು ಇಂದಿನ ಚರ್ಮವಿಜ್ಞಾನಕ್ಕೂ ಒಪ್ಪುವಂತಿರುವುದು ಸೋಜಿಗವೇ ಸರಿ. ಆದರೆ ಹೆಸರು ಹೊಂದಿದ ಮಾತ್ರಕ್ಕೆ ಪ್ರಾಚೀನರು ಸರ್ವವನ್ನೂ ಬಲ್ಲವರಾಗಿದ್ದರೆಂದು ಸಾರುವುದು ಪಾಂಡಿತ್ಯವೆನಿಸದು.

ಅಂಗೈ ಅಂಗಾಲುಗಳನ್ನುಳಿದು, ಚರ್ಮದ ತೀರ ಮೇಲಣ ಪೊರೆ ಕೂದಲೆಳೆಗಿಂತಲೂ ತೆಳುವು. ನಿರ್ಜೀವವಾಗಿ ಚಪ್ಪಟೆಗೊಂಡ ಜೀವಕೋಶಗಳು ಅಲ್ಲಿ ಇಟ್ಟಿಗೆಗಳಂತೆ ಜೋಡಿಸಿಕೊಂಡಿವೆ. ಅವುಗಳ ಸಂದಿನಲ್ಲಿ ಗಾರೆಯಂತೆ ತುಂಬಿರುವುದು ಸೆರಮೈಡ್, ಕೊಲೆಸ್ಟರಾಲ್, ಮೇದಾಮ್ಲಗಳೆಂಬ ಜಿಡ್ಡು. ಗಾರೆ ಬಿಗಿಯಾಗಿರುವವರೆಗೆ ಒಳಗಿನ ನೀರು ಬೇಗನೆ ಆರದು, ಹೊರಗಿನ ಕ್ರಿಮಿ ಸುಲಭವಾಗಿ ನುಗ್ಗದು.

ಸ್ಥೂಲಕಾಯರಲ್ಲಿ ಈ ಗೋಡೆ ಸಡಿಲಗೊಳ್ಳುವುದುಂಟು. ಚರ್ಮದಿಂದ ನೀರು ಆವಿಯಾಗಿ ಹೋಗುವುದು ಅವರಲ್ಲಿ ಹೆಚ್ಚೆಂದು ಮಾಪನಗಳು ತೋರಿಸಿವೆ. ಮಡಿಕೆಗಳಲ್ಲಿ ಬೆವರು ನಿಂತು, ಉಜ್ಜಿ, ಆಮ್ಲೀಯವಾಗಿರಬೇಕಾದ ಮೇಲ್ಮೈ ಕೆಟ್ಟು ಬೂಷ್ಟು ಸೇರುತ್ತದೆ. ಮೇಲಾಗಿ ಮೇದಸ್ಸೆಂಬುದು ಬರಿಯ ಹೊರೆಯಲ್ಲ. ಉರಿಯೂತವನ್ನು ಕೆರಳಿಸುವ ದ್ರವ್ಯಗಳನ್ನು ಅದು ರಕ್ತಕ್ಕೆ ಬಿಡುತ್ತಿರುತ್ತದೆ. ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲನ ಎಂಟು ದೋಷಗಳಲ್ಲಿ ದೌರ್ಗಂಧ್ಯ, ಸ್ವೇದಬಾಧೆಗಳನ್ನೂ ಎಣಿಸಿದೆ. ದಪ್ಪನೆಯ ಹುಡುಗನೊಬ್ಬನ ಕಂಕುಳು ಹುಣ್ಣಾದರೆ ‘ಸ್ನಾನಕಳ್ಳ’ ಎಂದು ತರಗತಿಯಲ್ಲಿ ನಗಾಡುವವರು ಇದನ್ನು ಗಮನಿಸಬೇಕು: ಅದು ಅವನ ದೇಹದ ಬಾಧೆ, ಶೀಲದ ಕೊರತೆಯಲ್ಲ.

ಅದೇ ಅಧ್ಯಾಯವು ಸ್ಥೌಲ್ಯಕ್ಕೆ ಹೇಳುವ ಉಪಚಾರಗಳಲ್ಲಿ ತಕ್ರಾರಿಷ್ಟವೂ ಒಂದು. ಮಜ್ಜಿಗೆಯನ್ನು ಹುದುಗಿಸಿ ಮಾಡಿದ ಔಷಧವದು. ಹುಳಿಹಾಲಿನ ಜೀವಾಣುಗಳ ಕಡೆಗೆ ಪಶ್ಚಿಮದ ಲಕ್ಷ್ಯ ಸೆಳೆದವನು ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್. ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರ ಹುಳಿಹಾಲೇ ಕಾರಣವೆಂದು ಆತ ಊಹಿಸಿದ. (1908ರಲ್ಲಿ ಅವನಿಗೆ ನೊಬೆಲ್ ಬಂದುದು ಇದಕ್ಕಲ್ಲ, ರೋಗನಿರೋಧದ ಸಂಶೋಧನೆಗೆ.) ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಹಿತ ತರುವ ಸಜೀವ ಅಣುಜೀವಿಗಳೇ ‘ಪ್ರೊಬಯಾಟಿಕ್’ ಎಂಬ ಲಕ್ಷಣವನ್ನು ವಿಶ್ವಸಂಸ್ಥೆಯ ಆಹಾರ ಹಾಗೂ ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ನಿರ್ಣಯಿಸಿದರು.

ಕರುಳಿಗೂ ಚರ್ಮಕ್ಕೂ ನಂಟೆಲ್ಲಿ? ನಾರಿನಂಶವನ್ನು ಕರುಳಿನ ಜೀವಾಣುಗಳು ಹುದುಗಿಸಿದಾಗ ಬ್ಯುಟಿರೇಟ್ ಮೊದಲಾದ ಮೇದಾಮ್ಲಗಳು ಹುಟ್ಟುತ್ತವೆ. ಇವು ಚರ್ಮದ ಗೋಡೆಯನ್ನು ಬಲಪಡಿಸುವುದು ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲಿ, ಅದರಲ್ಲೂ ಸ್ಥೂಲಕಾಯರಲ್ಲಿ, ಇಂತಹ ಗುಳಿಗೆಗಳಿಂದ ಚರ್ಮ ಸುಧಾರಿಸುವುದೆಂದು ವಿಧಿಸುವಷ್ಟು ಪ್ರಮಾಣ ಇನ್ನೂ ಒದಗಿಲ್ಲ. ಒಂದು ತಳಿಯ ಗುಣ ಇನ್ನೊಂದಕ್ಕೆ ಬಾರದು. ಸಕ್ಕರೆ ಸುರಿದ ಪೇಯವಾದರೆ ಸ್ಥೌಲ್ಯಕ್ಕೇ ಪೋಷಣೆ. ರೋಗನಿರೋಧಶಕ್ತಿ ತೀರ ಕುಗ್ಗಿದವರು ವೈದ್ಯರನ್ನು ಕೇಳದೆ ಇವುಗಳನ್ನು ಮುಟ್ಟಬಾರದು. ಮಡಿಕೆಗಳನ್ನು ಮೆತ್ತಗೆ ಒರೆಸಿ ಒಣಗಿಸುವುದು, ಬೂಷ್ಟಿಗೆ ತಕ್ಕ ಲೇಪ, ತೂಕವನ್ನು ಮೆಲ್ಲಮೆಲ್ಲನೆ ಇಳಿಸುವುದು ಇವೇ ಸದ್ಯದ ಚಿಕಿತ್ಸೆ.

ದಾಸೋಹದ ಪಂಕ್ತಿಯಲ್ಲಿ ಕೊನೆಗೆ ಬಡಿಸುವ ತಿಳಿಮಜ್ಜಿಗೆಗೆ ಈ ವಾದದಿಂದ ಯಾವ ಕುಂದೂ ಇಲ್ಲ. ಅದನ್ನೇ ಕುದಿಸಿ ಮಜ್ಜಿಗೆಹುಳಿ ಮಾಡಿದರೆ ರುಚಿ ಉಳಿಯುತ್ತದೆ, ಜೀವಾಣು ಉಳಿಯುವುದಿಲ್ಲ.