ಚಾಕೊಲೇಟ್ ಕೇಕಿನಲ್ಲಿ ಹುಳಿಯ ಲೆಕ್ಕ

ಡಿಸೆಂಬರ್ ಬಂದಿತೆಂದರೆ ಕೋಲ್ಕತ್ತದ ಕನ್ನಡಿಗರ ಮನೆಯ ಮಕ್ಕಳಿಗೂ ಕೇಕಿನ ಆಸೆ ಹತ್ತುತ್ತದೆ. 1902ರಲ್ಲಿ ಆರಂಭವಾದ ನಹೂಮ್ ಅಂಗಡಿಯನ್ನು ಅರಸಿ ನ್ಯೂ ಮಾರ್ಕೆಟ್ಟಿಗೆ ಹೋಗುವವರಲ್ಲಿ ನಮ್ಮವರೂ ಉಂಟು. ಆದರೆ ಮೊಟ್ಟೆ ಮುಟ್ಟದ ಹಿರಿಯರಿರುವ ಮನೆಗಳಲ್ಲಿ ಕೇಕನ್ನು ಮನೆಯಲ್ಲಿಯೇ ಮಾಡುವುದು ಲೇಸು. ಅಲ್ಲಿ ಮೊಟ್ಟೆಯ ಕೆಲಸದ ಒಂದು ಪಾಲನ್ನು ಮೊಸರು ಹಾಗೂ ಅಡಿಗೆ ಸೋಡಾ ವಹಿಸಿಕೊಳ್ಳುತ್ತವೆ.

ಸೋಡಾ ಕ್ಷಾರಗುಣದ ವಸ್ತು. ಮೊಸರಿನ ಲ್ಯಾಕ್ಟಿಕ್ ಆಮ್ಲವು ತಗುಲಿದೊಡನೆ ಅದರಿಂದ ಇಂಗಾಲದ ಡೈಆಕ್ಸೈಡ್ ಅನಿಲವು ಹೊರಟು ಹಿಟ್ಟನ್ನು ಉಬ್ಬಿಸುತ್ತದೆ. ಹುಳಿಬಂದ ದೋಸೆಹಿಟ್ಟಿಗೆ ಚಿಟಿಕೆ ಸೋಡಾ ಬೆರೆಸಿದಾಗ ಏಳುವ ನೊರೆಯೂ ಇದೇ ಕ್ರಿಯೆಯ ಫಲ. ಹುಳಿ ಸಾಲದಿದ್ದರೆ ಸೋಡಾ ಉಳಿದು ಕೇಕಿಗೆ ಸಾಬೂನಿನ ರುಚಿ ಬರುತ್ತದೆ. ಚೆನ್ನಾಗಿ ಉಬ್ಬಲೆಂದು ನಾನೊಮ್ಮೆ ಎರಡು ಚಮಚ ಸೋಡಾ ಸುರಿದಿದ್ದೆ. ರಕ್ತದೊತ್ತಡದ ರೋಗಿಯಾದ ನಮ್ಮ ತಾಯಿಯವರು ಒಂದು ತುತ್ತು ತಿಂದು ತಟ್ಟೆಯನ್ನು ಸುಮ್ಮನೆ ಪಕ್ಕಕ್ಕೆ ಸರಿಸಿದರು. ಜಮಾ-ಖರ್ಚು ಸರಿದೂಗಿಸುವುದೇ ಕಸುಬಾದವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ?

ಸರಿಯಾದ ಲೆಕ್ಕ ಹೀಗಿದೆ. ಒಂದು ಬಟ್ಟಲು, ಅಂದರೆ ಸುಮಾರು 240 ಮಿ.ಲೀ. ಹುಳಿಮೊಸರಿಗೆ ಅರ್ಧ ಟೀ ಚಮಚ ಸೋಡಾ ಸಾಕು. ಶೇಕಡಾ 5ರ ವಿನಿಗರ್ ಆದರೆ 15 ಮಿ.ಲೀ. ಗೆ ಸುಮಾರು ಕಾಲು ಟೀ ಚಮಚ. ಇಲ್ಲಿನ ಅಂಗಡಿಗಳಲ್ಲಿ ‘ಟಕ್ ದೊಯಿ’ ಎಂದೇ ಕೇಳಿ ಕೊಳ್ಳಬೇಕು. ಮಿಷ್ಟಿ ದೊಯಿಯ ಸಕ್ಕರೆಯು ಅಳತೆಯನ್ನೆಲ್ಲ ಕೆಡಿಸುತ್ತದೆ.

ಕೋಕೋ ಪುಡಿಯಲ್ಲಿಯೂ ಎರಡು ಬಗೆಗಳಿವೆ. ಸಹಜವಾದ ಪುಡಿ ತಾನೇ ತುಸು ಹುಳಿ. ಅದರಲ್ಲಿ ಮೊಸರು ಬೆರೆತರೆ ಕೇಕಿಗೆ ಕೆಂಪು ಛಾಯೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಲೆಂಡಿನ ವಾನ್ ಹೌಟೆನ್ ರೂಢಿಗೆ ತಂದ ವಿಧಾನದಂತೆ ಕ್ಷಾರದಿಂದ ಸಂಸ್ಕರಿಸಿದ ಪುಡಿಯಾದರೋ ಕಪ್ಪಗೆ, ಸೌಮ್ಯ. ಅದರ ಹುಳಿ ಬಹುಪಾಲು ಅಳಿದಿರುವುದರಿಂದ ಮೊಸರನ್ನು ಕಡಿಮೆ ಮಾಡುವಂತಿಲ್ಲ. ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳುವುದು ಉತ್ತಮ. ಕೋಕೋ ಪರದೇಶದ ಬೆಳೆಯೆಂದು ಅನೇಕರು ತಿಳಿದಿದ್ದಾರೆ. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿಯೂ ಅದು ಬೆಳೆಯುತ್ತದೆ, ಪುತ್ತೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಲ್ಲಿ ಆರಂಭವಾಯಿತು.

ಆರೋಗ್ಯದ ಮಾತು ಇನ್ನೂ ಮುಖ್ಯ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,260 ಮಿ.ಗ್ರಾಂ. ಸೋಡಿಯಂ ಇದೆ, ವಯಸ್ಕರಿಗೆ ದಿನಕ್ಕೆ 2,000 ಮಿ.ಗ್ರಾಂ. ಒಳಗಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹುಳಿಯು ಸೋಡಾದ ಕ್ಷಾರವನ್ನು ಕಳೆಯುತ್ತದೆಯೇ ಹೊರತು ಸೋಡಿಯಮ್ಮನ್ನು ಕಳೆಯುವುದಿಲ್ಲ. ಅರ್ಧ ಚಮಚದ ಕೇಕನ್ನು ಎಂಟು ತುಂಡು ಮಾಡಿದರೆ ತುಂಡಿಗೆ ಸೋಡಾದಿಂದ ಬರುವುದು 80 ಮಿ.ಗ್ರಾಂ. ನಷ್ಟು. ಬೆಣ್ಣೆ ಹಾಕುವುದಾದರೆ ಉಪ್ಪಿಲ್ಲದ್ದೇ ಇರಲಿ.

ಮೊಸರು, ಸೋಡಾ ಕೂಡಿದ ಮೇಲೆ ಹರಟೆಗೆ ಕೂರಬಾರದು. ಮೊದಲೇ ಕಾಯಿಸಿಟ್ಟ ಓವನ್ನಿಗೆ ಹಿಟ್ಟು ಕೂಡಲೇ ಹೋಗಬೇಕು. ತಡವಾದಷ್ಟೂ ಅನಿಲವು ಹಾರಿಹೋಗುತ್ತದೆ.